ಐವತ್ತು ಪೈಸೆ ಚಾಕ್ಲೇಟಿನ ಋಣ

ಕಳೆದ ಜೂನ್ ತಿಂಗಳ ಒಂದು ರಾತ್ರಿ. ಆಫೀಸಿನ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಅಕ್ಕನ ನಂಬರಿನಿಂದ ಫೋನ್ ಬಂತು. ಎತ್ತಿದರೆ ಮಾತಾಡಿದ್ದು ಅಕ್ಕನ ಮಗಳು. ಐದನೇ ಕ್ಲಾಸು.

"ಮಾಮ, ಇನ್ನೂರು ರೂಪಾಯಿ ಫೋನ್‌ಪೇ ಮಾಡ್ತೀಯಾ? ಅಮ್ಮಂಗೆ ಹೇಳ್ಬೇಡ."

ಅಮ್ಮನ ಫೋನಿನಿಂದಲೇ ಕಾಲ್ ಮಾಡಿ, ಅಮ್ಮನ ಅಕೌಂಟಿಗೇ ದುಡ್ಡು ಹಾಕಿಸಿಕೊಂಡು, ಅಮ್ಮನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವ ಪ್ಲಾನು! ಯಾಕೆ ಬೇಕು ಅಂತ ಕೇಳಿದೆ.

"ಎಲೆಕ್ಷನ್‌ಗೆ ನಿಂತಿದ್ದೀನಿ ಮಾಮ. ಚಾಕ್ಲೇಟ್ ಹಂಚ್ಬೇಕು."

ಅವಳದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲೆ. ಸ್ಕೂಲು ಶುರುವಾದ ಕೆಲವೇ ವಾರಕ್ಕೆ ನಮ್ಮ ಕಡೆ ಶಾಲೆಗಳಲ್ಲಿ 'ಶಾಲಾ ಸಂಸತ್ತು' ಚುನಾವಣೆ ನಡೆಯುತ್ತೆ. ನಾಮಪತ್ರ ಸಲ್ಲಿಸೋದು, ಚಿಹ್ನೆ ಕೊಡೋದು, ಪ್ರಚಾರ, ಮತದಾನ, ಎಣಿಕೆ, ಪ್ರಮಾಣವಚನ, ಎಲ್ಲ ದೊಡ್ಡವರ ಚುನಾವಣೆ ಥರಾನೇ. ಗೆದ್ದವರು ಮುಖ್ಯಮಂತ್ರಿ, ಶಿಕ್ಷಣ ಮಂತ್ರಿ, ಆಹಾರ ಮಂತ್ರಿ, ನೀರಾವರಿ ಮಂತ್ರಿ. ಈಗಂತೂ ಎಷ್ಟೋ ಕಡೆ ಮೇಷ್ಟ್ರ ಮೊಬೈಲೇ ವೋಟಿಂಗ್ ಮಷಿನ್. ಆ್ಯಪ್ ಒಳಗೆ ಚಿಹ್ನೆ ಒತ್ತಿದರೆ ಪೀಂ ಅಂತ ಸದ್ದು. ಬೆರಳಿಗೆ ಸ್ಕೆಚ್ ಪೆನ್ ಶಾಯಿ.

ನಮ್ಮ ಹುಡುಗಿ ನಿಂತಿದ್ದು ನೀರಾವರಿ ಮಂತ್ರಿ ಸ್ಥಾನಕ್ಕೆ. ಅವಳ ಚಿಹ್ನೆ ಬಕೆಟ್ಟು. ಎದುರಾಳಿ ಹುಡುಗ ಆಗಲೇ ಒಂದು ರೌಂಡ್ ಎಕ್ಲೇರ್ಸ್ ಹಂಚಿದ್ದನಂತೆ.

"ಎಲ್ಲರೂ ಕೊಡ್ತಾರೆ ಮಾಮ. ಕೊಡ್ಲಿಲ್ಲ ಅಂದ್ರೆ ಯಾರು ವೋಟ್ ಹಾಕ್ತಾರೆ?"

ಇನ್ನೂರು ರೂಪಾಯಿ ನನಗೆ ದೊಡ್ಡದಲ್ಲ. ವೀಕೆಂಡಿನಲ್ಲಿ ಒಂದು ಕಾಫಿಗೆ ಅಷ್ಟು ಕೊಟ್ಟು ಬರ್ತೀನಿ. ಆದರೂ ಬೆರಳು 'ಪೇ' ಬಟನ್ ಮೇಲೆ ಹೋಗಿ ನಿಂತುಬಿಟ್ಟಿತು. ಯಾಕಂದ್ರೆ ಈ ವ್ಯವಹಾರ ನನಗೆ ಹೊಸದಲ್ಲ. ಒಂದು ಕಾಲದಲ್ಲಿ ಚಾಕ್ಲೇಟ್ ಹಂಚಿ ಚುನಾವಣೆ ಗೆಲ್ಲಿಸಿದ ಮ್ಯಾನೇಜರ್ ನಾನೇ.

ಅದು 2009. ನಾನು ಒಂಬತ್ತನೇ ಕ್ಲಾಸು, ಅಕ್ಕ ಹತ್ತನೇ ಕ್ಲಾಸು, ಇಬ್ಬರೂ ಒಂದೇ ಹೈಸ್ಕೂಲು. ನಮ್ಮ ಬೀದಿಯ ಮಗ್ಗಗಳ ಸದ್ದು ಸ್ಕೂಲಿನ ಕಾಂಪೌಂಡಿನವರೆಗೂ ಕೇಳಿಸುತ್ತಿತ್ತು. ದೊಡ್ಡಬಳ್ಳಾಪುರದ ಕಡೆಯವರಿಗೆ ಆ ಸದ್ದು ಗೊತ್ತಿರುತ್ತೆ. ಕರೆಂಟು ಹೋದಾಗ ಮಾತ್ರ ಊರು ಮೌನವಾಗುತ್ತೆ.

ಆ ವರ್ಷ ಶಾಲಾ ನಾಯಕನ ಸ್ಥಾನಕ್ಕೆ ಇಬ್ಬರು ನಿಂತರು. ಒಬ್ಬ ನನ್ನ ಗೆಳೆಯ. ಅವರ ಮನೆಯಲ್ಲಿ ಆರು ಪವರ್‌ಲೂಮ್ ಇದ್ದವು, ಕೈಯಲ್ಲಿ ಸ್ವಲ್ಪ ಕಾಸು ಓಡಾಡುತ್ತಿತ್ತು. ಇನ್ನೊಬ್ಬಳು ಅಕ್ಕನ ಕ್ಲಾಸಿನ ಹುಡುಗಿ. ಪಕ್ಕದ ಹಳ್ಳಿಯಿಂದ ನಡೆದು ಬರುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಇಬ್ಬರಿಗೂ ಭಾಷಣ ಮಾಡಲು ಅವಕಾಶ ಕೊಟ್ಟರು. ನನ್ನ ಗೆಳೆಯ, "ಎಲ್ಲರೂ ನನಗೆ ಸಹಕಾರ ಕೊಡಬೇಕು" ಅಂತ ಹೇಳಿ ಇಳಿದ. ಅವಳು ಮಾತ್ರ ಕೆಲಸದ ವಿಷಯಕ್ಕೇ ಬಂದಳು. "ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ನೀರಿಲ್ಲ. ಚಿಲಕ ಹಾಕಿಸ್ತೀನಿ, ನೀರಿನ ಡ್ರಮ್ ಇಡಿಸ್ತೀನಿ. ಆಗೋವರೆಗೂ ಪ್ರತಿ ಸೋಮವಾರ ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಕೇಳ್ತೀನಿ" ಅಂದಳು.

ಟಾಯ್ಲೆಟ್ಟು ಅನ್ನೋ ಪದ ಕೇಳಿದ್ದೇ ತಡ, ಹುಡುಗರ ಸಾಲಿನಲ್ಲಿ ನಗು. ನಾನೂ ನಕ್ಕೆ. ಆದರೆ ಹೆಣ್ಣುಮಕ್ಕಳ ಸಾಲು ಚಪ್ಪಾಳೆ ತಟ್ಟಿತು. ನಮ್ಮ ಕ್ಯಾಂಡಿಡೇಟ್ ಮುಖ ಬಾಡಿತು.

ಅವತ್ತು ಸಾಯಂಕಾಲ ಅವನು ನನ್ನ ಕೈಗೆ ನೂರೈವತ್ತು ರೂಪಾಯಿ ಕೊಟ್ಟ. "ನೀನು ಲೆಕ್ಕದಲ್ಲಿ ಬುದ್ಧಿವಂತ, ಏನಾದ್ರೂ ಮಾಡು" ಅಂದ.

ನಾನು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕ ಹಾಕಿದೆ. ಮೂರು ಕ್ಲಾಸೂ ಸೇರಿ 214 ವೋಟು. ಹೆಸರು ಬರೆದು ಮೂರು ಪಟ್ಟಿ ಮಾಡಿದೆ. 80 ಜನ ಖಂಡಿತ ನಮ್ಮವರು. 60 ಜನ ಖಂಡಿತ ಅವಳ ಕಡೆ. ಮಿಕ್ಕ 74 ಜನ ಡೌಟು. ಅಂಗಡಿಯಲ್ಲಿ ಐವತ್ತು ಪೈಸೆಗೆ ಒಂದು ಚಾಕ್ಲೇಟು. ಡೌಟಿನವರಿಗೆ ತಲಾ ಎರಡು, ನಮ್ಮವರಿಗೆ ತಲಾ ಒಂದು, ಅವಳ ಕಡೆಯವರಿಗೆ ಸೊನ್ನೆ. ಒಟ್ಟು 114 ರೂಪಾಯಿ. ಮಿಕ್ಕ 36 ರೂಪಾಯಿಗೆ ಬೇಕರಿಯಲ್ಲಿ ಬನ್ನು, ಖಾರ, ಟೀ. ಅದು 'ಕಾರ್ಯಕರ್ತರ' ಖರ್ಚು.

ಈಗ ನಮ್ಮ ಫೀಲ್ಡಿನಲ್ಲಿ ಇದಕ್ಕೆ 'ಟಾರ್ಗೆಟಿಂಗ್' ಅಂತಾರೆ, ಸಂಬಳ ಕೊಟ್ಟು ಮಾಡಿಸ್ತಾರೆ. ಹದಿನಾಲ್ಕನೇ ವಯಸ್ಸಿಗೆ ನಾನು ಬನ್ನು-ಖಾರಕ್ಕೆ ಮಾಡಿದ್ದೆ.

ಆ ಡೌಟಿನ ಪಟ್ಟಿಯಲ್ಲಿ ನನ್ನ ಅಕ್ಕನ ಹೆಸರೂ ಇತ್ತು. ಆ ಹುಡುಗಿ ಅವಳ ಕ್ಲಾಸ್‌ಮೇಟು ತಾನೇ? ಮನೆಗೆ ಬಂದು ಅಕ್ಕನ ಕೈಗೆ ಎರಡರ ಬದಲು ನಾಲ್ಕು ಇಟ್ಟೆ. "ಏನೋ ಇದು?" ಅಂದಳು. "ತಿನ್ನು, ಆದ್ರೆ ವೋಟು ನಮಗೆ" ಅಂದೆ. ನಕ್ಕು ಬಾಯಿಗೆ ಹಾಕಿಕೊಂಡಳು.

ಕೆಲವರ ಹತ್ತಿರ ಇನ್ನೊಂದು ಕೆಲಸವನ್ನೂ ಮಾಡಿದ್ವಿ. ಚಾಕ್ಲೇಟ್ ಕೊಟ್ಟು ಪುಸ್ತಕ ಮುಟ್ಟಿಸಿ, "ವಿದ್ಯೆ ಆಣೆಗೂ ನಿಮಗೇ ಹಾಕ್ತೀನಿ" ಅಂತ ಹೇಳಿಸಿದ್ವಿ. ಇದನ್ನ ನಮಗೆ ಯಾರೂ ಕಲಿಸಿರಲಿಲ್ಲ. ಊರಿನಲ್ಲಿ ದೊಡ್ಡವರು ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸೋದನ್ನ ಕೇಳಿದ್ವಿ ಅಷ್ಟೇ.

ಮತದಾನದ ದಿನ 205 ಜನ ಬಂದಿದ್ದರು. ರಟ್ಟಿನ ಡಬ್ಬದಲ್ಲಿ ಚೀಟಿ. ನಮಗೆ 118, ಅವಳಿಗೆ 87. ಮೂವತ್ತೊಂದು ವೋಟಿನ ಗೆಲುವು. ನನ್ನನ್ನೂ ಹೆಗಲ ಮೇಲೆ ಹೊತ್ತು ಕುಣಿದರು.

ನಿಜ ಹೇಳಬೇಕು ಅಂದ್ರೆ, ಆ ಗೆಲುವನ್ನ ನಾನು ತುಂಬ ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದೀನಿ. ಕಾಲೇಜಿನಲ್ಲಿ, ಆಫೀಸಿನ ಟೀಮ್ ಔಟಿಂಗ್‌ನಲ್ಲಿ. 'ನಮ್ಮೂರ ಚಾಣಕ್ಯ' ಅಂತ ಗೆಳೆಯರು ಕಾಲೆಳೆಯುತ್ತಿದ್ದರು. ಕಥೆಯ ಮುಂದಿನ ಭಾಗವನ್ನ ಮಾತ್ರ ಯಾರಿಗೂ ಹೇಳಿರಲಿಲ್ಲ.

ಆಗಸ್ಟ್ ಹದಿನೈದು ಆದ ಮೇಲೆ ಒಂದು ಮಧ್ಯಾಹ್ನ. ಹೊಂಗೆ ಮರದ ಕೆಳಗೆ ನಾವೆಲ್ಲ ಬಿಸಿಯೂಟ ಮುಗಿಸಿ ಕೂತಿದ್ವಿ. ಐದಾರು ಹೆಣ್ಣುಮಕ್ಕಳು ನಮ್ಮ ನಾಯಕನ ಹತ್ತಿರ ಬಂದರು. ಟಾಯ್ಲೆಟ್ಟಿನ ಚಿಲಕದ ವಿಷಯ ಹೆಡ್‌ಮಾಸ್ಟರಿಗೆ ಹೇಳ್ತೀಯಾ ಅಂತ ಕೇಳಿದರು. ಅವನು ತಲೆ ಕೆರೆದುಕೊಂಡ. ಆಗ ಬಾಯಿ ಹಾಕಿದ್ದು ನಾನು.

"ಚಾಕ್ಲೇಟ್ ತಿನ್ನೋವಾಗ ಕೇಳ್ಬೇಕಿತ್ತು. ತಿಂದು ಆಯ್ತಲ್ಲ, ಈಗೇನು?"

ಹುಡುಗರೆಲ್ಲ ಜೋರಾಗಿ ನಕ್ಕರು. ಆ ಹುಡುಗಿಯರು ಏನೂ ಮಾತಾಡಲಿಲ್ಲ. ತಿರುಗಿ ಹೋದರು. ಆ ಗುಂಪಿನ ಹಿಂದೆ ಅಕ್ಕ ಇದ್ದಳು. ಮನೆಗೆ ಬಂದ ಮೇಲೂ ಅವಳು ಆ ವಿಷಯ ಎತ್ತಲಿಲ್ಲ. ಆ ವರ್ಷ ಮತ್ತೆ ಯಾರೂ ಬಂದು ಕೇಳಲಿಲ್ಲ. ಚಿಲಕವೂ ಬರಲಿಲ್ಲ.

ಇದಾದ ಮೇಲೆ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದೆ. ಕರ್ನಾಟಕದ ಕಾಲೇಜುಗಳಲ್ಲಿ ನೇರ ವಿದ್ಯಾರ್ಥಿ ಸಂಘದ ಚುನಾವಣೆಗಳು 1989-90ರ ಸುಮಾರಿಗೇ ನಿಂತುಹೋಗಿದ್ದವು. ಕ್ಯಾಂಪಸ್‌ನಲ್ಲಿ ಗಲಾಟೆ, ಹೊಡೆದಾಟ ಜಾಸ್ತಿ ಆಯ್ತು ಅಂತ ಸರ್ಕಾರ ನಿಲ್ಲಿಸಿತ್ತು. ಹಾಗಾಗಿ ನಮ್ಮ ವಯಸ್ಸಿನ ಬಹಳಷ್ಟು ಜನಕ್ಕೆ ಕಾಲೇಜು ಎಲೆಕ್ಷನ್ ಅಂದ್ರೆ ಸಿನಿಮಾದಲ್ಲಿ ನೋಡಿದ್ದಷ್ಟೇ.

ಚುನಾವಣೆ ನಡೆಯುವ ರಾಜ್ಯಗಳಿಗೆ ಲಿಂಗ್ಡೋ ಸಮಿತಿಯ ನಿಯಮಗಳಿವೆ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು, ಅದೇ ವರ್ಷ ಸುಪ್ರೀಂ ಕೋರ್ಟು ಜಾರಿಗೆ ತರಲು ಹೇಳಿತು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಪ್ರಿಂಟ್ ಮಾಡಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಫಲಿತಾಂಶ ಬಂದು ಎರಡು ವಾರದೊಳಗೆ ಲೆಕ್ಕ ಕೊಡಬೇಕು. ಓದಿದಾಗ ಚೆನ್ನಾಗಿದೆ ಅನ್ನಿಸಿತು. ಆದರೆ ನನ್ನ ಮೊದಲ ಯೋಚನೆ ಏನು ಗೊತ್ತಾ? 5,000 ರೂಪಾಯಿಗೆ ಒಂದೊಂದು ರೂಪಾಯಿಯ ಐದು ಸಾವಿರ ಚಾಕ್ಲೇಟ್ ಬರುತ್ತಲ್ಲ!

ನಮ್ಮ ಕಾಲೇಜಿನಲ್ಲಿ ಇದ್ದದ್ದು ಕ್ಲಾಸ್ ರೆಪ್ರೆಸೆಂಟೇಟಿವ್ ಆಯ್ಕೆ. ಕೈ ಎತ್ತಿ ಆರಿಸೋದು. ಮೂರನೇ ವರ್ಷ ಸಿಆರ್ ಆಗಬೇಕು ಅಂತಿದ್ದವನು ನಮ್ಮನ್ನೆಲ್ಲ ಗೇಟಿನ ಹೊರಗಿನ ಗಾಡಿಗೆ ಕರೆದುಕೊಂಡು ಹೋಗಿ ತಲಾ ಹಾಫ್ ಪ್ಲೇಟ್ ಗೋಬಿ ಮಂಚೂರಿ ಕೊಡಿಸಿದ. ಎಲ್ಲರೂ ಕೈ ಎತ್ತಿದ್ವಿ. ಆಮೇಲೆ ಇಂಡಸ್ಟ್ರಿಯಲ್ ವಿಸಿಟ್‌ಗೆ ಅಂತ ದುಡ್ಡು ವಸೂಲಿ ಆಯ್ತು, ಲೆಕ್ಕ ಮಾತ್ರ ಬರಲಿಲ್ಲ. ಕೇಳಬೇಕು ಅಂತ ಎದ್ದೆ. ಅವನು ನನ್ನ ಮುಖ ನೋಡಿ ಸುಮ್ಮನೆ ನಕ್ಕ. ಒಂದು ಮಾತೂ ಆಡಲಿಲ್ಲ. ನಾನು ವಾಪಸ್ ಕೂತೆ.

ಆ ಗೋಬಿಯ ಬೆಲೆ ಇಪ್ಪತ್ತು ಇಪ್ಪತ್ತೈದು ರೂಪಾಯಿ ಇದ್ದಿರಬಹುದು. ನಾನು ಕಳಕೊಂಡದ್ದು ಅದಕ್ಕಿಂತ ತುಂಬ ಜಾಸ್ತಿ. ಆದರೂ ಬಾಯಿ ಬರಲಿಲ್ಲ. ಹೊಂಗೆ ಮರದ ಕೆಳಗೆ ಆ ಹುಡುಗಿಯರಿಗೆ ಏನಾಗಿತ್ತು ಅಂತ ನನಗೆ ಅವತ್ತು ಮೊದಲ ಸಲ ಸ್ವಲ್ಪ ಅರ್ಥವಾಯಿತು.

ಇದು ಬರೀ ನಮ್ಮ ಸಂಕೋಚ ಅಂದುಕೊಂಡಿದ್ದೆ. ಅಲ್ಲವಂತೆ. 1971ರಲ್ಲಿ ಅಮೆರಿಕದ ಡೆನಿಸ್ ರೀಗನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದ್ದ. ಇಬ್ಬರು ಜೊತೆಯಲ್ಲಿ ಕೂತು ಚಿತ್ರಗಳಿಗೆ ಮಾರ್ಕ್ಸ್ ಕೊಡಬೇಕು. ಅದರಲ್ಲಿ ಒಬ್ಬ ಪ್ರಯೋಗ ಮಾಡುವವರ ಕಡೆಯವನೇ. ಅವನು ಮಧ್ಯೆ ಎದ್ದು ಹೋಗಿ, ಕೆಲವರಿಗೆ ಕೇಳದೇ ಇದ್ದರೂ ಒಂದು ಕೋಕಾ ಕೋಲಾ ತಂದುಕೊಡುತ್ತಿದ್ದ. ಕೊನೆಯಲ್ಲಿ, "ನನ್ನ ಹತ್ತಿರ ಲಾಟರಿ ಟಿಕೆಟ್ ಇದೆ, ತಗೋತೀರಾ?" ಅಂತ ಕೇಳುತ್ತಿದ್ದ. ಕೋಲಾ ಕುಡಿದವರು ಕುಡಿಯದವರಿಗಿಂತ ಸುಮಾರು ಎರಡರಷ್ಟು ಟಿಕೆಟ್ ಕೊಂಡರು. ಅವನು ಇಷ್ಟವಾಗದಿದ್ದವರೂ ಕೊಂಡರು!

ಇನ್ನೊಂದು 2007ರದ್ದು, ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಯೂಮನ್ಸ್ ಮತ್ತು ಜೀ ಎಂಬ ಇಬ್ಬರು ಸಂಶೋಧಕರು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಪಾಠದ ಬಗ್ಗೆ ಫೀಡ್‌ಬ್ಯಾಕ್ ಫಾರಂ ತುಂಬುವ ಮುಂಚೆ ಕೆಲವು ಗುಂಪಿಗೆ ಚಾಕ್ಲೇಟ್ ಕೊಡಿಸಿದರು. ತಿಂದವರು ಮೇಷ್ಟ್ರಿಗೆ ಜಾಸ್ತಿ ಅಂಕ ಕೊಟ್ಟರು. ಚಾಕ್ಲೇಟ್ ಕೊಟ್ಟಿದ್ದು ಆ ಮೇಷ್ಟ್ರು ಕೂಡ ಅಲ್ಲ.

ನಮ್ಮಲ್ಲಿ ಇದಕ್ಕೆ ಪ್ರಯೋಗ ಬೇಕಿಲ್ಲ. ಉಪ್ಪಿನ ಋಣ, ಅನ್ನದ ಋಣ ಅಂತ ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವರು ನಾವು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನೋದು ಒಳ್ಳೆಯ ಗುಣವೇ. ನೆಂಟರ ಮನೆಯಲ್ಲಿ, ಕಷ್ಟಕ್ಕಾದ ಗೆಳೆಯನ ಹತ್ತಿರ ಅದು ಬೇಕೇ ಬೇಕು. ಚುನಾವಣೆಯಲ್ಲಿ ಹಂಚುವವರು ಬಳಸಿಕೊಳ್ಳೋದು ನಮ್ಮ ಈ ಒಳ್ಳೆಯತನವನ್ನೇ. ಅದಕ್ಕೇ ಕೊಡುವ ವಸ್ತು ಚಿಕ್ಕದಾದಷ್ಟೂ ಒಳ್ಳೆಯದು. ಹತ್ತು ಸಾವಿರ ಕೊಟ್ಟರೆ ಹೆದರಿ ಬೇಡ ಅಂತೀವಿ. ಒಂದು ಚಾಕ್ಲೇಟ್ ಬೇಡ ಅಂದ್ರೆ, "ಏನು ಮಹಾ ದೊಡ್ಡವರು ಇವರು" ಅನ್ನಿಸಿಕೊಳ್ಳಬೇಕು.

ಕಾನೂನಿಗೂ ಇದು ಗೊತ್ತು. 1920ರಲ್ಲೇ ಬ್ರಿಟಿಷರು ನಮ್ಮ ದಂಡಸಂಹಿತೆಗೆ ಚುನಾವಣಾ ಅಪರಾಧಗಳ ಅಧ್ಯಾಯ ಸೇರಿಸಿದಾಗ, ತಿನ್ನಿಸಿ ಕುಡಿಸಿ ವೋಟು ಕೇಳೋದನ್ನ ಲಂಚದ ಒಂದು ವಿಧ ಅಂತಲೇ ಬರೆದರು. ಊಟ, ಪಾನೀಯ, ಮನರಂಜನೆ, ದಿನಸಿ, ಎಲ್ಲ ಅದರಲ್ಲಿ ಬರುತ್ತೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 173ನೇ ಸೆಕ್ಷನ್‌ನಲ್ಲೂ ಅದು ಹಾಗೇ ಇದೆ. ತಮಾಷೆ ಅಂದ್ರೆ, ಬೇರೆ ಲಂಚಕ್ಕೆ ಒಂದು ವರ್ಷದವರೆಗೆ ಜೈಲು ಆಗಬಹುದು, ತಿನ್ನಿಸಿದ ಲಂಚಕ್ಕೆ ದಂಡ ಮಾತ್ರ. ಕಾನೂನು ಬರೆದವರಿಗೂ ಊಟ ಹಾಕಿದವನನ್ನ ಜೈಲಿಗೆ ಕಳಿಸೋಕೆ ಮನಸ್ಸು ಬರಲಿಲ್ಲವೇನೋ.

ಊಟ ಹಾಕಿ ಗೆಲ್ಲೋದು ನಮ್ಮ ದೇಶದ ಸೊತ್ತೂ ಅಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1755ರಲ್ಲಿ ವರ್ಜೀನಿಯಾದ ಶಾಸನಸಭೆಗೆ ನಿಂತು ಸೋತಿದ್ದ. 1758ರಲ್ಲಿ ಮತ್ತೆ ನಿಂತಾಗ ಅವನ ಕಡೆಯವರು ಮತದಾರರಿಗೆ ನೂರಕ್ಕೂ ಹೆಚ್ಚು ಗ್ಯಾಲನ್ ರಮ್ಮು, ವೈನು, ಬಿಯರು ಕುಡಿಸಿದರು. ಗೆದ್ದ. ಗೆದ್ದ ಮೇಲೆ ಅವನು ಬರೆದ ಕಾಗದದಲ್ಲಿ ಒಂದು ಮಾತಿದೆ. ನನ್ನ ವಿರುದ್ಧ ವೋಟು ಹಾಕಿದವರಿಗೂ ಭೇದ ಮಾಡದೆ ಕೊಟ್ಟಿದ್ದೀರಿ ತಾನೇ ಅಂತ ವಿಚಾರಿಸಿದ್ದಾನೆ. ಅದನ್ನ ಓದಿದಾಗ ನನ್ನ ಆ ಮೂರು ಪಟ್ಟಿ ನೆನಪಾಗಿ ನಾಚಿಕೆ ಆಯ್ತು. ಅಷ್ಟು ದೊಡ್ಡ ಮನಸ್ಸೂ ನನಗೆ ಇರಲಿಲ್ಲ.

ಕೋವಿಡ್ ಟೈಮಿನಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿನಲ್ಲಿದ್ದೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಸಂಜೆಯಾದರೆ ತೋಟಗಳಲ್ಲಿ ಬಾಡೂಟ. ಮನೆಬಾಗಿಲಿಗೆ ಒಂದು ಕೆಜಿ ಕೋಳಿ ಬಂತು. ಅಪ್ಪ ತಗೊಂಡರು. ನಾನು ಸಿಡುಕಿದೆ. ಅಪ್ಪ, "ಮನೆ ಬಾಗಿಲಿಗೆ ತಂದದ್ದನ್ನ ಹೇಗೋ ಬೇಡ ಅನ್ನೋದು? ನಾಳೆ ಅವರ ಮುಖ ನೋಡ್ಬೇಕಲ್ಲ" ಅಂದರು.

"ತಗೊಂಡ್ರೇನಂತೆ, ವೋಟು ನಮ್ಮ ಮನಸ್ಸಿಗೆ ಬಂದವರಿಗೆ ಹಾಕಿದ್ರಾಯ್ತು" ಅಂತ ಅಮ್ಮ ರಾಜಿ ಮಾಡಿಸಿದಳು. ನಿಮ್ಮ ಮನೆಯಲ್ಲೂ ಈ ಮಾತು ಕೇಳಿರುತ್ತೀರಿ. ಎಲ್ಲರ ಹತ್ತಿರಾನೂ ತಗೊಳ್ಳಿ, ಹಾಕೋದು ಮಾತ್ರ ನಿಮ್ಮಿಷ್ಟ. ಮತ ಗುಟ್ಟಾಗಿರುತ್ತಲ್ಲ, ಯಾರಿಗೆ ಗೊತ್ತಾಗುತ್ತೆ? ನನಗೂ ಆ ಮಾತು ಸರಿ ಅನ್ನಿಸಿತ್ತು.

ಮುಂದಿನ ಮಳೆಗಾಲಕ್ಕೆ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ನೀರು ಮನೆಯೊಳಗೆ ಬಂತು. ಅಪ್ಪ ಹೋಗಿ ಕೇಳಿದರು. ಬಂದ ಉತ್ತರ: "ಎಲೆಕ್ಷನ್‌ನಲ್ಲಿ ಯಾರು ಸುಮ್ಮನೆ ವೋಟ್ ಹಾಕಿದ್ದೀರಣ್ಣ? ಎಲ್ಲರಿಗೂ ಮುಟ್ಟಿಸಿದ್ದೀನಲ್ಲ." ಅಪ್ಪ ವೋಟು ಹಾಕಿದ್ದು ಬೇರೆಯವರಿಗೆ. ಆದರೆ ಅದನ್ನ ಅಲ್ಲಿ ನಿಂತು ಹೇಳೋಕೆ ಆಗುತ್ತಾ? ಸುಮ್ಮನೆ ಬಂದರು. ಗುದ್ದಲಿ ತಗೊಂಡು ಚರಂಡಿ ನಾವೇ ತೆಗೆದ್ವಿ.

ಅಮ್ಮನ ಲೆಕ್ಕದಲ್ಲಿ ಎಲ್ಲಿ ತಪ್ಪಾಯ್ತು ಅಂತ ಗುದ್ದಲಿ ಹಿಡಿದಾಗ ಹೊಳೆಯಿತು. ವೋಟು ಗುಟ್ಟಾಗಿರುತ್ತೆ, ಪ್ರಶ್ನೆ ಗುಟ್ಟಾಗಿರಲ್ಲ. ಬೂತಿನೊಳಗೆ ನಾವು ಪೂರ್ತಿ ಸ್ವತಂತ್ರರು, ಯಾರ ಚಾಕ್ಲೇಟಿಗೂ ಅಲ್ಲಿ ಬೆಲೆ ಇಲ್ಲ. ಆದರೆ ಆ ಸ್ವಾತಂತ್ರ್ಯ ಒಂದು ನಿಮಿಷದ್ದು. ಮಿಕ್ಕ ಐದು ವರ್ಷ ಚರಂಡಿ, ಬೀದಿದೀಪ, ನೀರು ಅಂತ ಬೆಳಕಿನಲ್ಲಿ, ಮುಖಾಮುಖಿ ನಿಂತು ಕೇಳಬೇಕು. ಕೊಟ್ಟವನು ಅವತ್ತು ಕೊಟ್ಟದ್ದನ್ನ ಎದುರಿಗೆ ಇಡ್ತಾನೆ.

ವಾಟ್ಸಾಪಿನಲ್ಲಿ ಒಂದು ಲೆಕ್ಕ ಓಡಾಡುತ್ತಿರುತ್ತೆ. ಎರಡು ಸಾವಿರ ತಗೊಂಡ್ರೆ ಐದು ವರ್ಷಕ್ಕೆ, ಅಂದ್ರೆ ದಿನಕ್ಕೆ ಒಂದು ರೂಪಾಯಿ ಚಿಲ್ಲರೆಗೆ ನಿಮ್ಮನ್ನ ಮಾರಿಕೊಂಡ್ರಿ ಅಂತ. ಆ ಲೆಕ್ಕ ನೋಡಿದರೆ ಎರಡು ಲಕ್ಷ ಕೊಟ್ಟಿದ್ದರೆ ಪರವಾಗಿರಲಿಲ್ಲ ಅನ್ನಿಸಿಬಿಡುತ್ತೆ! 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಸುಮಾರು 375 ಕೋಟಿ ರೂಪಾಯಿ ಮೌಲ್ಯದ ನಗದು, ಮದ್ಯ, ಚಿನ್ನ, ಉಡುಗೊರೆ ಜಪ್ತಿ ಆಗಿತ್ತು. 2018ರಲ್ಲಿ ಅದು ಸುಮಾರು 84 ಕೋಟಿ. ಬೆಲೆ ಏರ್ತಾನೇ ಇದೆ, ಅದರಿಂದ ನಮ್ಮ ಬಾಯಿಗೇನೂ ಬಲ ಬಂದಿಲ್ಲ. ಐವತ್ತು ಪೈಸೆಗೂ ಅದೇ ಕೆಲಸ ಆಗಿತ್ತಲ್ಲ.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಆ ಕಡೆಯಿಂದ, "ಮಾಮ, ಹಾಕಿದ್ಯಾ?" ಅಂತ ಕೇಳಿಸಿತು. ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. ನಾನು ನಗುತ್ತಾ, "ನಿನ್ನ ಮಗಳಿಗೂ ನನ್ನ ಬುದ್ಧಿ ಬಂದಿದೆ ಕಣೇ" ಅಂದೆ. ಹಳೆಯ ಕಥೆ ಮತ್ತೆ ಹೇಳಲು ಶುರು ಮಾಡಿದೆ. 214 ವೋಟು, ಮೂರು ಪಟ್ಟಿ, ನಾಲ್ಕು ಚಾಕ್ಲೇಟು.

ಅಕ್ಕ ನಗಲಿಲ್ಲ.

"ಆ ವರ್ಷ ಪೂರ್ತಿ ನಾನು ಸ್ಕೂಲಲ್ಲಿ ನೀರು ಕುಡೀತಿರ್ಲಿಲ್ಲ ಕಣೋ" ಅಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನೀರು ಕುಡಿದ್ರೆ ಹೋಗ್ಬೇಕಾಗತ್ತಲ್ಲ. ಚಿಲಕ ಇಲ್ಲ. ಒಬ್ಬಳು ಹೊರಗೆ ನಿಂತು ಬಾಗಿಲು ಹಿಡ್ಕೋಬೇಕು. ಅದೂ ಎಷ್ಟು ಸಲ ಅಂತ ಕರೆಯೋದು? ಅದಕ್ಕೇ ಬೆಳಿಗ್ಗೆ ಮನೆ ಬಿಟ್ಟ ಮೇಲೆ ಕುಡೀತಾನೇ ಇರ್ಲಿಲ್ಲ. ನಮ್ಮ ಕ್ಲಾಸಿನವರು ಸುಮಾರು ಜನ ಹಾಗೇ."

ಆಗ ನೆನಪಾಯ್ತು. ದಿನಾ ಸಾಯಂಕಾಲ ಸ್ಕೂಲಿನಿಂದ ಬಂದವಳೇ ಬ್ಯಾಗೂ ಇಳಿಸದೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ಚೊಂಬು ನೀರು ಗಟಗಟ ಕುಡಿಯುತ್ತಿದ್ದಳು. "ನಿಧಾನಕ್ಕೆ ಕುಡಿಯೇ" ಅಂತ ಅಮ್ಮ ಬೈಯುತ್ತಿದ್ದಳು. ಬಿಸಿಲಿಗೆ ನಡೆದು ಬಂದ ದಣಿವು ಅಂದುಕೊಂಡಿದ್ದೆ. ನಾನೂ ಅದೇ ಬಿಸಿಲಲ್ಲಿ ನಡೆದು ಬರುತ್ತಿದ್ದೆ, ನನಗೆ ಹಾಗೆ ಬಾಯಾರಿಕೆ ಆಗುತ್ತಿರಲಿಲ್ಲ ಅನ್ನೋದು ಯಾವತ್ತೂ ತಲೆಗೆ ಬಂದಿರಲಿಲ್ಲ.

"ಅವತ್ತು ಮರದ ಕೆಳಗೆ ನೀನು ಅಂದ್ಯಲ್ಲ, ತಿಂದು ಆಯ್ತಲ್ಲ ಅಂತ. ನಾನು ನಿಜವಾಗ್ಲೂ ತಿಂದಿದ್ನಲ್ಲೋ. ನಾಲ್ಕು. ಇನ್ನೇನು ಮಾತಾಡ್ಲಿ?"

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ವಿ. ಹಿಂದೆ ಟಿವಿ ಸೌಂಡು ಕೇಳಿಸುತ್ತಿತ್ತು. "ಸಾರಿ ಕಣೇ" ಅಂದೆ. ಹದಿನೈದು ವರ್ಷಕ್ಕೂ ಹಳೆಯದಕ್ಕೆ ಸಾರಿ ಕೇಳೋದು ಹೇಗೆ ಅಂತ ಗೊತ್ತಿರಲಿಲ್ಲ.

"ಅಯ್ಯೋ ಅದೆಲ್ಲ ಬಿಡೋ. ಊಟ ಆಯ್ತಾ?" ಅಂದಳು. ಆಮೇಲೆ, "ಇವಳಿಗೆ ದುಡ್ಡು ಹಾಕ್ಬೇಡ" ಅಂದಳು.

ಹಾಕಲಿಲ್ಲ. ಅದರ ಬದಲು ಭಾನುವಾರ ಊರಿಗೆ ಹೋದೆ. ಡ್ರಾಯಿಂಗ್ ಶೀಟ್ ತಗೊಂಡು ಹೋಗಿದ್ದೆ. ಮಾಮ ಸೊಸೆ ಕೂತು ಬಕೆಟ್ ಚಿತ್ರ ಬರೆದು ಪೋಸ್ಟರ್ ಮಾಡಿದ್ವಿ. "ಏನು ಮಾಡ್ತೀಯ ಅಂತ ಬರೀಬೇಕಲ್ಲ, ಏನು ಮಾಡ್ತೀಯ?" ಅಂತ ಕೇಳಿದೆ. ತುಂಬ ಯೋಚನೆ ಮಾಡಿ, "ಕೈ ತೊಳೆಯೋ ನಲ್ಲಿ ಸೋರುತ್ತೆ, ಅದನ್ನ ಸರಿ ಮಾಡಿಸ್ತೀನಿ" ಅಂದಳು. ಅದನ್ನೇ ದಪ್ಪ ಅಕ್ಷರದಲ್ಲಿ ಬರೆದ್ವಿ.

"ಮಾಮ, ಸೋತ್ರೆ?" ಅಂದಳು. ಸೋಲಲ್ಲ ಬಿಡು ಅಂತ ಹೇಳಬಹುದಿತ್ತು. ಹೇಳಲಿಲ್ಲ. "ಸೋತ್ರೂ ನಲ್ಲಿ ಸೋರ್ತಾನೇ ಇರತ್ತಲ್ಲ, ಗೆದ್ದವನನ್ನ ಕೇಳು" ಅಂದೆ.

ಸೋತಳು. ಆರು ವೋಟಿನಲ್ಲಿ. ಫೋನ್ ಮಾಡಿ ಅತ್ತಳು. "ನಿನ್ನಿಂದಾನೇ" ಅಂತ ನನ್ನನ್ನ ಬೈದಳು. ಬೈಸಿಕೊಂಡೆ. ಇನ್ನೂರು ರೂಪಾಯಿ ಕಳಿಸಿದ್ದರೆ ಗೆಲ್ಲುತ್ತಿದ್ದಳೋ ಏನೋ. ಆ ರಾತ್ರಿ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ. ದೊಡ್ಡವರ ಆದರ್ಶಕ್ಕೆ ಹತ್ತು ವರ್ಷದ ಮಗುವಿನ ಕೈಯಲ್ಲಿ ಬೆಲೆ ಕಟ್ಟಿಸಿದೆನಾ ಅನ್ನಿಸಿತು.

ಎರಡು ವಾರ ಬಿಟ್ಟು ಅಕ್ಕ ಫೋನ್ ಮಾಡಿದಾಗ ನಗುತ್ತಿದ್ದಳು. ನಮ್ಮ ಸೋತ ಅಭ್ಯರ್ಥಿ ಹೋಗಿ ನೀರಾವರಿ ಮಂತ್ರಿಯನ್ನ ನಲ್ಲಿ ಯಾವಾಗ ಸರಿ ಮಾಡಿಸ್ತೀಯ ಅಂತ ಕೇಳಿದ್ದಾಳೆ. ಅವನೂ ನನ್ನ ಹಾಗೇ ಚಾಣಕ್ಯ. "ನೀನೂ ನನ್ನ ಎಕ್ಲೇರ್ಸ್ ತಿಂದಿದ್ದೀಯಲ್ಲ?" ಅಂದಿದ್ದಾನೆ.

"ಹೂಂ, ಎರಡು ತಿಂದಿದ್ದೀನಿ. ಚೆನ್ನಾಗಿತ್ತು. ನಲ್ಲಿ ಯಾವಾಗ?" ಅಂದಳಂತೆ ಇವಳು.

ಇದನ್ನ ಬರೆಯುವ ಹೊತ್ತಿಗೂ ನಲ್ಲಿ ಸರಿಯಾಗಿಲ್ಲ. ವಾಷರ್ ತರಬೇಕು ಅಂತ ಮೇಷ್ಟ್ರು ಹೇಳಿದ್ದಾರಂತೆ. ಅವಳು ಮಾತ್ರ ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಂತ್ರಿಯ ಹತ್ತಿರ ಹೋಗಿ ಕೇಳ್ತಿದ್ದಾಳೆ. ಸೋಮವಾರವೇ ಯಾಕೆ ಅಂತ ಅಕ್ಕನನ್ನ ಕೇಳಿದೆ.

"ನಾನೇ ಹೇಳಿಕೊಟ್ಟೆ" ಅಂದಳು.